ಇಬ್ಬರು, ಒಂದು ಕೀಬೋರ್ಡ್: ಪೇರ್ ಪ್ರೋಗ್ರಾಮಿಂಗ್ ಮಾಡುವುದು ಹೇಗೆ?

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಒಂದು ಸಿಸ್ಟಮ್‌ಗೆ ಇಬ್ಬರು ಕೂರುವುದು ಹೊಸದೇನಲ್ಲ. ಸಿಸ್ಟಮ್ ಕಡಿಮೆ, ಹುಡುಗರು ಜಾಸ್ತಿ. ಚೆನ್ನಾಗಿ ಬರುವವರು ಟೈಪ್ ಮಾಡುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ಕೂತು ಔಟ್‌ಪುಟ್ ನೋಡಿ ರೆಕಾರ್ಡ್ ಬರೆದುಕೊಳ್ಳುತ್ತಾರೆ. ಲ್ಯಾಬ್ ಪರೀಕ್ಷೆಯ ದಿನ ಪ್ರೋಗ್ರಾಂ ಒಬ್ಬರೇ ಬರೆಯಬೇಕಲ್ಲ, ಆವತ್ತು ಯಾರು ಕಲಿತಿದ್ದಾರೆ, ಯಾರು ಬರೀ ಜೊತೆಗಿದ್ದರು ಅನ್ನುವುದು ಬಯಲಾಗುತ್ತದೆ.

ಪೇರ್ ಪ್ರೋಗ್ರಾಮಿಂಗ್ ಕೂಡ ದೂರದಿಂದ ಹೀಗೇ ಕಾಣುತ್ತದೆ. ಇಬ್ಬರು, ಒಂದು ಸ್ಕ್ರೀನ್, ಒಂದು ಕೆಲಸ. ಆದರೆ ಅಲ್ಲಿ ಕೀಬೋರ್ಡ್ ಇಲ್ಲದವರಿಗೇ ಕೆಲಸ ಜಾಸ್ತಿ. ಅವರು ಸುಮ್ನೆ ಕೂತರೆ ಇಬ್ಬರ ಹೊತ್ತು ಕೊಟ್ಟು ಒಬ್ಬರ ಕೆಲಸ ಪಡೆದಂತಾಯಿತು. ಹಾಗಾಗಿ ಈ ಮಾರ್ಗದರ್ಶಿಯ ಬಹುಪಾಲು ಆ ಪಕ್ಕದ ಕುರ್ಚಿಯ ಬಗ್ಗೆಯೇ ಇದೆ. ಓದುತ್ತಿರುವವರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಫ್ರೆಷರ್‌ಗಳಿಗೆ ಕೆಲಸ ಕಲಿಸಬೇಕಾದ ಟೀಮ್ ಲೀಡ್‌ಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಖರ್ಚಿನ ಮಾತು

ಈ ಪದ್ಧತಿಯನ್ನು ಹೆಸರುವಾಸಿ ಮಾಡಿದವರು ಸಾಫ್ಟ್‌ವೇರ್ ಎಂಜಿನಿಯರ್ ಕೆಂಟ್ ಬೆಕ್. 1996ರಲ್ಲಿ ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಸೇರಿದ ಅವರು ಅಲ್ಲಿ ಒಂದಿಷ್ಟು ಕಟ್ಟುನಿಟ್ಟಿನ ಕ್ರಮಗಳನ್ನು ತಂದರು. ಬಳಕೆಗೆ ಹೋಗುವ ಕೋಡನ್ನು ಇಬ್ಬರು ಕೂತೇ ಬರೆಯಬೇಕು ಅನ್ನುವುದು ಅದರಲ್ಲಿ ಒಂದು. ಜೋಡಿಯಾಗಿ ಕೋಡ್ ಬರೆಯುವುದು ಅದಕ್ಕೂ ಬಹಳ ಹಳೆಯದು. 1946ರ ಫೆಬ್ರವರಿಯಲ್ಲಿ ಎನಿಯಾಕ್ ಕಂಪ್ಯೂಟರನ್ನು ಜನರ ಮುಂದೆ ತೋರಿಸಿದಾಗ ಅದರಲ್ಲಿ ಓಡಿದ, ಫಿರಂಗಿ ಗುಂಡಿನ ಹಾದಿ ಲೆಕ್ಕ ಹಾಕುವ ಪ್ರೋಗ್ರಾಂ ಬೆಟ್ಟಿ ಸ್ನೈಡರ್ ಮತ್ತು ಜೀನ್ ಜೆನ್ನಿಂಗ್ಸ್ ಜೋಡಿಯದು. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ ಒಂದೇ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವುದಕ್ಕೆ ಹೆಸರಾದವರು. ದೊಡ್ಡ ಡೇಟಾವನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚಿ ಲೆಕ್ಕ ಹಾಕುವ ಮ್ಯಾಪ್‌ರೆಡ್ಯೂಸ್ ವಿಧಾನದ ಪ್ರಬಂಧವನ್ನು 2004ರಲ್ಲಿ ಬರೆದದ್ದು ಇವರಿಬ್ಬರೇ.

ಇಬ್ಬರನ್ನು ಕೂರಿಸಿದರೆ ಖರ್ಚು ಎರಡರಷ್ಟು ಆಗುವುದಿಲ್ಲವೇ? ಯಾವ ಮ್ಯಾನೇಜರ್ ಆದರೂ ಮೊದಲು ಕೇಳುವುದು ಇದನ್ನೇ. ಯೂಟಾ ವಿಶ್ವವಿದ್ಯಾಲಯದಲ್ಲಿ ಲಾರಿ ವಿಲಿಯಮ್ಸ್ 1999ರಲ್ಲಿ ಕೊನೆ ವರ್ಷದ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಒಬ್ಬೊಬ್ಬರೇ ಮಾಡಿದಾಗ ಹಿಡಿಯುವುದಕ್ಕಿಂತ, ಜೋಡಿಯಲ್ಲಿ ಇಬ್ಬರ ಗಂಟೆಗಳನ್ನೂ ಕೂಡಿಸಿದರೆ ಶುರುವಿನಲ್ಲಿ ಶೇ. 60ರಷ್ಟು ಜಾಸ್ತಿ ಹಿಡಿಯಿತು. ಒಬ್ಬರಿಗೊಬ್ಬರು ಹೊಂದಿಕೊಂಡ ಮೇಲೆ ಅದು ಶೇ. 15ಕ್ಕೆ ಇಳಿಯಿತು. ಜೋಡಿಗಳ ಪ್ರೋಗ್ರಾಂಗಳು ಟೆಸ್ಟ್‌ಗಳಲ್ಲಿ ಹೆಚ್ಚು ಪಾಸಾದವು.

ಇದನ್ನು ಓದಿ ಹಿಗ್ಗುವ ಮುಂಚೆ ಇನ್ನೊಂದನ್ನೂ ನೋಡಬೇಕು. 2007ರಲ್ಲಿ ಪ್ರಕಟವಾದ, ಯುರೋಪಿನ 295 ವೃತ್ತಿಪರ ಜಾವಾ ಪ್ರೋಗ್ರಾಮರ್‌ಗಳ ಮೇಲಿನ ಅಧ್ಯಯನದಲ್ಲಿ ಜೋಡಿಗಳ ಒಟ್ಟು ಶ್ರಮ ಶೇ. 84ರಷ್ಟು ಜಾಸ್ತಿ ಬಂತು. ಅಂದರೆ ಹತ್ತಿರ ಹತ್ತಿರ ಎರಡರಷ್ಟು. ಆದರೆ ಕೆಲಸಕ್ಕೆ ಕೊಟ್ಟ ಪ್ರೋಗ್ರಾಂ ಜಟಿಲವಾಗಿದ್ದಾಗ ಸರಿ ಉತ್ತರಗಳು ಶೇ. 48ರಷ್ಟು ಹೆಚ್ಚಿದವು. ಸುಲಭದ ಪ್ರೋಗ್ರಾಂನಲ್ಲಿ ಕೆಲಸ ಬೇಗ ಮುಗಿಯಿತು ಅಷ್ಟೆ, ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡನ್ನೂ ಒಟ್ಟಿಗೆ ಓದಿದರೆ ಲೆಕ್ಕ ಸರಳ. ಕೆಲಸ ಕಷ್ಟದ್ದಾಗಿದ್ದರೆ ಇಬ್ಬರು ಕೂರಿ, ಇಲ್ಲದಿದ್ದರೆ ಬೇಡ. ದಿನವಿಡೀ ಎಲ್ಲವನ್ನೂ ಜೋಡಿಯಲ್ಲೇ ಮಾಡಬೇಕು ಅನ್ನುವವರಿದ್ದಾರೆ. ನನಗೆ ಅದು ಅತಿ ಅನಿಸುತ್ತದೆ.

ಹಂತ 1: ಕೆಲಸ ಆರಿಸಿ

ಜೋಡಿಗೆ ಒಗ್ಗುವ ಕೆಲಸಗಳು: ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದ ಬಗ್, ಇಬ್ಬರಲ್ಲಿ ಒಬ್ಬರು ಮಾತ್ರ ಬಲ್ಲ ಹಳೆಯ ಕೋಡ್, ಹೊಸ ಫೀಚರ್‌ನ ಮೊದಲ ಅರ್ಧ, ಹಣದ ಲೆಕ್ಕ ಅಥವಾ ಲಾಗಿನ್ ಥರದ ತಪ್ಪಾಗಬಾರದ ಜಾಗಗಳು. ಓದುವವರಾದರೆ ಪಾಯಿಂಟರ್, ರಿಕರ್ಶನ್, ಲಿಂಕ್ಡ್ ಲಿಸ್ಟ್ ಮುಂತಾದ, ತಲೆ ಕೆಡಿಸುವ ಪಾಠಗಳು.

ಒಗ್ಗದವು: ಹೆಸರು ಬದಲಿಸುವುದು, ಫೈಲ್ ಸರಿಸುವುದು, ಒಂದೇ ಥರದ ಇಪ್ಪತ್ತು ಫಾರ್ಮ್ ಮಾಡುವುದು. ಇಂಥ ಕಡೆ ಪಕ್ಕದವರು ಮೊಬೈಲ್ ತೆಗೆದರೆ ತಪ್ಪು ಅವರದಲ್ಲ, ಕೆಲಸ ಆರಿಸಿದವರದು. ಹೊಸ ವಿಷಯ ಓದಿ ತಿಳಿದುಕೊಳ್ಳುವುದನ್ನೂ ಒಬ್ಬೊಬ್ಬರೇ ಮಾಡುವುದು ಒಳ್ಳೆಯದು. ಒಬ್ಬರ ಓದಿನ ವೇಗ ಇನ್ನೊಬ್ಬರಿಗೆ ಇರುವುದಿಲ್ಲ. ಅರ್ಧ ಗಂಟೆ ಬೇರೆ ಬೇರೆ ಓದಿಕೊಂಡು ಬಂದು ಆಮೇಲೆ ಕೂರಿ.

ಹಂತ 2: ಜೊತೆಗಾರರನ್ನು ಆರಿಸಿ

ಲ್ಯಾಬ್‌ನಲ್ಲಿ ರೋಲ್ ನಂಬರ್ ಪ್ರಕಾರ ಜೋಡಿ ಆಗುತ್ತದೆ, ಆಯ್ಕೆಯೇ ಇರುವುದಿಲ್ಲ. ಆಯ್ಕೆ ಇದ್ದರೆ ಸ್ವಲ್ಪ ಯೋಚಿಸಿ.

ಇಬ್ಬರೂ ಹೊಸಬರಾದರೆ ಧೈರ್ಯ ಇರುತ್ತದೆ, ಯಾವ ಪ್ರಶ್ನೆ ಕೇಳುವುದಕ್ಕೂ ನಾಚಿಕೆ ಇರುವುದಿಲ್ಲ. ಆದರೆ ಇಬ್ಬರೂ ಒಟ್ಟಿಗೆ ದಾರಿ ತಪ್ಪಬಹುದು. ಹಾಗಾಗಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಬೇಕು ಅನ್ನುವುದು ಮೊದಲೇ ಗೊತ್ತಿರಲಿ. ಇಬ್ಬರೂ ಅನುಭವಿಗಳಾದರೆ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಸಾಗಬಹುದು, ಇಲ್ಲವೇ ಫಂಕ್ಷನ್ ಹೆಸರಿಗಾಗಿ ಮುಕ್ಕಾಲು ಗಂಟೆ ವಾದ ನಡೆಯಬಹುದು. ಒಬ್ಬರು ಅನುಭವಿ, ಒಬ್ಬರು ಹೊಸಬರು ಇರುವ ಜೋಡಿಯಲ್ಲಿ ಕಲಿಕೆ ಅತಿ ಹೆಚ್ಚು. ಹಳ್ಳ ಹಿಡಿಯುವುದಕ್ಕೂ ಅಲ್ಲೇ ದಾರಿಗಳು ಹೆಚ್ಚು. ಅದಕ್ಕೆ ಮುಂದೆ ಬೇರೆಯೇ ಭಾಗ ಇದೆ.

ಯಾವ ಜೋಡಿಯನ್ನೂ ತಿಂಗಳುಗಟ್ಟಲೆ ಹಾಗೇ ಬಿಡಬೇಡಿ. ಒಂದು ಕೆಲಸ ಮುಗಿದ ಮೇಲೆ ಬದಲಿಸಿ. ಇಲ್ಲದಿದ್ದರೆ ಆ ಕೋಡ್ ಆ ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ, ಇಬ್ಬರೂ ದೀಪಾವಳಿಗೆ ಊರಿಗೆ ಹೋದ ದಿನವೇ ಅದು ಕೈಕೊಡುತ್ತದೆ.

ಹಂತ 3: ಕೂರುವ ಜಾಗ, ಸಿಸ್ಟಮ್

ಸ್ಕ್ರೀನ್ ಇಬ್ಬರ ನಡುವೆ ಇರಲಿ. ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕುವಂತಿದ್ದರೆ ಆ ಇನ್ನೊಬ್ಬರು ಹತ್ತು ನಿಮಿಷದಲ್ಲಿ ಪ್ರೇಕ್ಷಕರಾಗುತ್ತಾರೆ. ಅಕ್ಷರದ ಗಾತ್ರ ದೊಡ್ಡದು ಮಾಡಿ. ಸಾಧ್ಯವಾದರೆ ಎರಡು ಕೀಬೋರ್ಡ್, ಎರಡು ಮೌಸ್ ಅದೇ ಸಿಸ್ಟಮ್‌ಗೆ ಸಿಕ್ಕಿಸಿ. ಕುರ್ಚಿ ಬದಲಿಸುವ ಗೋಜಿಲ್ಲದಿದ್ದರೆ ಸರದಿ ಬದಲಿಸುವುದಕ್ಕೆ ಬೇಜಾರಾಗುವುದಿಲ್ಲ. ಟೇಬಲ್ ಮೇಲೆ ಒಂದು ಬಿಳಿ ಹಾಳೆ, ಪೆನ್ ಇರಲಿ.

ಕನ್ನಡದ ಡೇಟಾ ಜೊತೆ ಕೆಲಸ ಮಾಡುವವರಿಗೆ ಒಂದು ಸಣ್ಣ ಮಾತು. ಒಬ್ಬರಿಗೆ ನುಡಿ ಕೀಲಿಮಣೆ ರೂಢಿ, ಇನ್ನೊಬ್ಬರಿಗೆ ಇನ್‌ಸ್ಕ್ರಿಪ್ಟ್. ಎರಡನ್ನೂ ಸಿಸ್ಟಮ್‌ನಲ್ಲಿ ಹಾಕಿಟ್ಟುಕೊಂಡೇ ಶುರು ಮಾಡಿ.

ದೂರದಿಂದ ಕೂರುವವರಿಗೆ ವಿಎಸ್ ಕೋಡ್ ಎಡಿಟರ್‌ನ ಲೈವ್ ಶೇರ್ ಸಾಕು. ಇಬ್ಬರೂ ಅದೇ ಫೈಲ್‌ನಲ್ಲಿ ಬರೆಯಬಹುದು, ಒಬ್ಬರ ಕರ್ಸರ್ ಇನ್ನೊಬ್ಬರಿಗೆ ಕಾಣುತ್ತದೆ. ಟರ್ಮಿನಲ್ ಪ್ರಿಯರಿಗೆ, ಒಂದೇ ಟರ್ಮಿನಲ್ ಅನ್ನು ಇಬ್ಬರೂ ಬಳಸಲು ಟಿಮಕ್ಸ್ (tmux) ಇದೆ. ಬರೀ ಸ್ಕ್ರೀನ್ ಶೇರ್ ಮಾಡಿದರೆ ನೋಡುವವರ ಕೈ ಕಟ್ಟಿದಂತೆ, ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಅದು. ಧ್ವನಿ ಚೆನ್ನಾಗಿರುವುದು ವಿಡಿಯೋಗಿಂತ ಮುಖ್ಯ. ನೆಟ್ ಕೈಕೊಟ್ಟರೆ ವಿಡಿಯೋ ಬಂದ್ ಮಾಡಿ, ಮಾತು ಉಳಿಸಿಕೊಳ್ಳಿ.

ಹಂತ 4: ಮೊದಲ ಹತ್ತು ನಿಮಿಷ ಕೀಬೋರ್ಡ್ ಮುಟ್ಟಬೇಡಿ

ಹಾಳೆ ತೆಗೆದು ಮೂರು ವಿಷಯ ಬರೆಯಿರಿ. ಈವತ್ತು ಏನು ಮಾಡುತ್ತೇವೆ? ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ? ಎಷ್ಟು ಗಂಟೆಗೆ ಏಳುತ್ತೇವೆ? ಎರಡನೆಯದೇ ಮುಖ್ಯ. "ಸರ್ಟಿಫಿಕೇಟ್ ಪ್ರೋಗ್ರಾಂ ಸರಿ ಮಾಡುವುದು" ಅಂತ ಬರೆದರೆ ಸಾಲದು. "ಪಟ್ಟಿಯ ಅತಿ ಉದ್ದದ ಹೆಸರೂ ಪೂರ್ತಿ ಪ್ರಿಂಟ್ ಆಗಬೇಕು" ಅಂತ ಬರೆದರೆ ಇಬ್ಬರ ತಲೆಯಲ್ಲೂ ಒಂದೇ ಗುರಿ ಕೂರುತ್ತದೆ. ಬರೆಯಲು ಕೂತಾಗಲೇ ಇಬ್ಬರೂ ಬೇರೆ ಬೇರೆ ಕೆಲಸ ಅಂದುಕೊಂಡಿದ್ದರು ಅನ್ನುವುದು ಎಷ್ಟೋ ಸಲ ಹೊರಬೀಳುತ್ತದೆ.

ಹಂತ 5: ಡ್ರೈವರ್, ನ್ಯಾವಿಗೇಟರ್

ಕೀಬೋರ್ಡ್ ಹಿಡಿದವರು ಡ್ರೈವರ್. ಪಕ್ಕದವರು ನ್ಯಾವಿಗೇಟರ್. ಡ್ರೈವರ್ ಕಣ್ಣು ಈಗ ಬರೆಯುತ್ತಿರುವ ಸಾಲಿನ ಮೇಲೆ. ನ್ಯಾವಿಗೇಟರ್ ಕಣ್ಣು ಮುಂದಿನ ತಿರುವಿನ ಮೇಲೆ: ಇದು ಎಲ್ಲಿ ಮುರಿಯಬಹುದು, ಹಾಳೆಯಲ್ಲಿ ಬರೆದ ಗುರಿಗೂ ಇದಕ್ಕೂ ಸಂಬಂಧ ಇದೆಯಾ, ಇನ್ನೂ ಸುಲಭದ ದಾರಿ ಇದೆಯಾ?

ಇದು ಬಾಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಒಂದು ಉದಾಹರಣೆ ನೋಡೋಣ. ಇಬ್ಬರು ಕ್ಲಾಸ್‌ಮೇಟ್‌ಗಳು ಕಾಲೇಜಿನ ರಾಜ್ಯೋತ್ಸವದ ಸ್ಪರ್ಧೆಗಳಿಗೆ ಸರ್ಟಿಫಿಕೇಟ್ ಪ್ರಿಂಟ್ ಮಾಡುವ ಪೈಥಾನ್ ಪ್ರೋಗ್ರಾಂ ಬರೆದಿದ್ದಾರೆ ಅಂದುಕೊಳ್ಳಿ. ಹೆಸರು ಗೆರೆ ದಾಟಿ ಹೋಗದಿರಲಿ ಅಂತ ಹತ್ತು ಅಕ್ಷರಕ್ಕೆ ಮಿತಿ ಹಾಕಿದ್ದಾರೆ. "ಲಕ್ಷ್ಮೀನಾರಾಯಣ" ಅನ್ನುವ ಹೆಸರು "ಲಕ್ಷ್ಮೀನಾರ" ಅಂತ ಪ್ರಿಂಟ್ ಆಗಿದೆ.

ಡ್ರೈವರ್: "ಹತ್ತು ಅಕ್ಷರಕ್ಕಿಂತ ಜಾಸ್ತಿ ಇದ್ರೆ ತಾನೇ ಕಟ್ ಆಗ್ಬೇಕು? ಲಕ್ಷ್ಮೀನಾರಾಯಣ ಅಂದ್ರೆ ಆರೇ ಅಕ್ಷರ ಕಣೇ. ಲ, ಕ್ಷ್ಮೀ, ನಾ, ರಾ, ಯ, ಣ."

ನ್ಯಾವಿಗೇಟರ್: "ಆರು ಅಂತಿರೋದು ನೀನು. ಪೈಥಾನ್ ಎಷ್ಟು ಅನ್ನುತ್ತೆ? ಲೆಂತ್ ಪ್ರಿಂಟ್ ಮಾಡಿ ನೋಡು."

ಡ್ರೈವರ್: "ಹದಿಮೂರು! ಇದೆಲ್ಲಿಂದ ಬಂತು?"

ನ್ಯಾವಿಗೇಟರ್: "ಒಂದೊಂದೇ ಬಿಡಿಸಿ ಪ್ರಿಂಟ್ ಮಾಡೇ."

ಬಿಡಿಸಿದರೆ ವಿಷಯ ಗೊತ್ತಾಗುತ್ತದೆ. ಕ್ಷ್ಮೀ ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ಕ, ಹಲಂತ ಚಿಹ್ನೆ, ಷ, ಮತ್ತೆ ಹಲಂತ ಚಿಹ್ನೆ, ಮ, ಈಕಾರದ ಗುರುತು, ಹೀಗೆ ಆರು ಸಂಕೇತ. ನಾ, ರಾ ಎರಡೆರಡು. ಒಟ್ಟು 13. ಮೊದಲ ಹತ್ತನ್ನು ಇಟ್ಟುಕೊಂಡರೆ "ಲಕ್ಷ್ಮೀನಾರ" ಉಳಿಯುತ್ತದೆ, ರಾ ಅನ್ನುವುದರ ದೀರ್ಘವೂ ಹೋಗುತ್ತದೆ.

ಡ್ರೈವರ್: "ಹಂಗಿದ್ರೆ ಹತ್ತನ್ನ ಇಪ್ಪತ್ತೈದು ಮಾಡಿಬಿಡ್ತೀನಿ. ಮುಗೀತು."

ನ್ಯಾವಿಗೇಟರ್: "ತಡಿ ತಡಿ. ನಾವು ಕಟ್ ಮಾಡ್ತಿದ್ದಿದ್ದು ಯಾಕೆ? ಗೆರೆ ಮೇಲೆ ಹಿಡೀಲಿ ಅಂತ ಅಲ್ವಾ? ಹಂಗಿದ್ರೆ ಅಕ್ಷರ ಎಣಿಸೋದೇ ಯಾಕೆ? ಹೆಸರಿನ ಅಗಲ ಅಳೆದು, ಗೆರೆಗಿಂತ ಜಾಸ್ತಿ ಬಂದ್ರೆ ಫಾಂಟ್ ಸೈಜ್ ಇಳಿಸೋಣ."

ಡ್ರೈವರ್: "ಆಗುತ್ತೆ. ಚಿತ್ರ ಮಾಡೋ ಪಿಲ್ಲೋ ಲೈಬ್ರರಿಯಲ್ಲೇ ಅಗಲ ಅಳೀಬಹುದು. ಆದ್ರೆ ಅಕ್ಷರ ಜೋಡಿಸೋ ರಾಕ್ಮ್ (Raqm) ಲೈಬ್ರರಿ ಇಲ್ದೆ ಇದ್ರೆ ಒತ್ತಕ್ಷರ ಸರಿಯಾಗಿ ಕೂರಲ್ಲ, ಅಗಲಾನೂ ತಪ್ಪು ಬರುತ್ತೆ. ಮೊದಲು ಅದಿದೆಯಾ ನೋಡ್ತೀನಿ."

ಇಲ್ಲಿ ಏನಾಯಿತು ನೋಡಿ. ಒಬ್ಬರೇ ಇದ್ದಿದ್ದರೆ 10 ಅಳಿಸಿ 25 ಬರೆದು, ಕಾಫಿಗೆ ಎದ್ದು ಹೋಗುತ್ತಿದ್ದರು. ಮುಂದಿನ ವರ್ಷ ಇನ್ನೂ ಉದ್ದದ ಹೆಸರು ಬರುವವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನ್ಯಾವಿಗೇಟರ್‌ಗೆ ಪಿಲ್ಲೋ ಬಗ್ಗೆ ಏನೂ ಗೊತ್ತಿಲ್ಲದೇ ಇರಬಹುದು. ಕೇಳಿದ್ದು "ಯಾಕೆ" ಅನ್ನುವ ಪ್ರಶ್ನೆ ಮಾತ್ರ. ಆ ಪ್ರಶ್ನೆಗೆ ಕೈ ಖಾಲಿ ಇರಬೇಕು. ಟೈಪ್ ಮಾಡುವವರ ತಲೆ ಆ ಹೊತ್ತಿಗೆ ಬ್ರಾಕೆಟ್, ಕಾಮಾಗಳಲ್ಲಿ ಮುಳುಗಿರುತ್ತದೆ. (ಅಕ್ಷರ ಎಣಿಸಲೇಬೇಕು ಅನ್ನುವವರಿಗೆ ಒಂದು ಎಚ್ಚರಿಕೆ: ಅಕ್ಷರ ಗುಂಪುಗಳನ್ನು ಎಣಿಸುವ ಕೆಲವು ಲೈಬ್ರರಿಗಳು ಇದೇ ಹೆಸರಿಗೆ 8 ಅನ್ನುತ್ತವೆ. ಕ್, ಷ್, ಮೀ ಬೇರೆ ಬೇರೆ ಅನ್ನುವುದು ಅವುಗಳ ಲೆಕ್ಕ.)

ಡ್ರೈವರ್ ಕೆಲಸ ಬರೀ ಬೆರಳಿನದು ಅಂದುಕೊಳ್ಳಬೇಡಿ. ಏನು ಮಾಡುತ್ತಿದ್ದೀರೋ ಅದನ್ನು ಬಾಯಿಬಿಟ್ಟು ಹೇಳುತ್ತಿರಬೇಕು. "ಈಗ ಫೈಲ್ ಓದ್ತೀನಿ, ಖಾಲಿ ಸಾಲು ಬಿಡ್ತೀನಿ" ಅಂತ. ಡ್ರೈವರ್ ಎರಡು ನಿಮಿಷ ಸುಮ್ಮನಾದರೆ ನ್ಯಾವಿಗೇಟರ್‌ಗೆ ಹಿಡಿತ ತಪ್ಪುತ್ತದೆ. ಆಗ ನ್ಯಾವಿಗೇಟರ್ ಕೇಳಲೇಬೇಕು: "ಈಗ ಏನ್ ಯೋಚನೆ ಮಾಡ್ತಿದೀಯ?"

ಹಂತ 6: ಸರದಿ ಬದಲಿಸುವುದು

ಮೂರು ರೀತಿ ಇವೆ. ಒಂದನ್ನು ಆರಿಸಿಕೊಳ್ಳಿ.

ಸುಲಭದ್ದು ಗಡಿಯಾರ. ಮೊಬೈಲ್‌ನಲ್ಲಿ 15 ಅಥವಾ 25 ನಿಮಿಷಕ್ಕೆ ಟೈಮರ್ ಇಡಿ. ಹೊಡೆದ ತಕ್ಷಣ ಕೀಬೋರ್ಡ್ ಬಿಡಿ. "ಈ ಸಾಲೊಂದು ಮುಗಿಸಿ ಕೊಡ್ತೀನಿ" ಅನ್ನುವುದು ಬೇಡ, ಅದು ಒಂದು ಸಾಲಿಗೆ ನಿಲ್ಲುವುದಿಲ್ಲ. ಅರ್ಧಕ್ಕೆ ಬಿಟ್ಟದ್ದನ್ನು ಇನ್ನೊಬ್ಬರು ಮುಂದುವರಿಸಲಾಗದಿದ್ದರೆ ಅವರಿಗೆ ಅರ್ಥವಾಗಿರಲಿಲ್ಲ ಅಂತಾಯಿತು. ಅದು ಅಲ್ಲೇ ಗೊತ್ತಾಗುವುದು ಒಳ್ಳೆಯದಲ್ಲವೇ?

ಎರಡನೆಯದು ಪಿಂಗ್ ಪಾಂಗ್. ಮೊದಲು ಟೆಸ್ಟ್ (ಕೋಡ್ ಸರಿಯಿದೆಯಾ ಅಂತ ಪರೀಕ್ಷಿಸುವ ಪುಟ್ಟ ಕೋಡ್) ಬರೆದು ಆಮೇಲೆ ಕೋಡ್ ಬರೆಯುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಒಬ್ಬರು ಫೇಲ್ ಆಗುವ ಟೆಸ್ಟ್ ಬರೆದು ಕೀಬೋರ್ಡ್ ಕೊಡುತ್ತಾರೆ. ಇನ್ನೊಬ್ಬರು ಅದನ್ನು ಪಾಸ್ ಮಾಡಿಸುವಷ್ಟೇ ಕೋಡ್ ಬರೆಯುತ್ತಾರೆ, ಮುಂದಿನ ಟೆಸ್ಟ್ ಬರೆದು ವಾಪಸ್ ಕೊಡುತ್ತಾರೆ. ನಮ್ಮ ಸರ್ಟಿಫಿಕೇಟ್ ವಿಷಯದಲ್ಲಿ ಮೊದಲ ಟೆಸ್ಟ್ "ಲಕ್ಷ್ಮೀನಾರಾಯಣ ಪೂರ್ತಿ ಬರಬೇಕು" ಅನ್ನುವುದು. ಎರಡನೆಯದು "ಹೆಸರು ಖಾಲಿ ಇದ್ದರೆ ಪ್ರಿಂಟ್ ಆಗಬಾರದು". ಈ ಆಟದಲ್ಲಿ ಒಂದು ತುಂಟತನವೂ ಇದೆ. ಜೊತೆಗಾರರ ಕೋಡ್ ಎಲ್ಲಿ ಮುರಿಯುತ್ತದೆ ಅಂತ ಹುಡುಕಿ ಟೆಸ್ಟ್ ಬರೆಯುವುದು ಮಜಾ ಕೊಡುತ್ತದೆ. ಲ್ಯಾಬ್ ಪಾರ್ಟ್ನರ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಮೂರನೆಯದು ಸ್ವಲ್ಪ ಗಟ್ಟಿ. ಲ್ಯುವೆಲಿನ್ ಫಾಲ್ಕೊ ಅನ್ನುವವರ ಹೆಸರಿನ ಜೊತೆ ಬರುವ ಈ ರೀತಿಯ ನಿಯಮ ಒಂದೇ: ನಿಮ್ಮ ತಲೆಯ ಐಡಿಯಾ ಕಂಪ್ಯೂಟರ್‌ಗೆ ಹೋಗಬೇಕಾದರೆ ಇನ್ನೊಬ್ಬರ ಕೈ ಮೂಲಕವೇ ಹೋಗಬೇಕು. ಐಡಿಯಾ ಬಂದವರು ಕೀಬೋರ್ಡ್ ಬಿಟ್ಟುಕೊಡುತ್ತಾರೆ. ಹೊಸಬರು ಡ್ರೈವರ್, ಅನುಭವಿಗಳು ನ್ಯಾವಿಗೇಟರ್ ಆಗಿದ್ದಾಗ ಇದಕ್ಕಿಂತ ಚೆನ್ನಾಗಿ ಕಲಿಸುವ ಕ್ರಮ ನನಗೆ ಕಂಡಿಲ್ಲ. ಆದರೆ ಹೇಳುವ ಬಗೆ ಗೊತ್ತಿರಬೇಕು. ಮೊದಲು ಉದ್ದೇಶ ಹೇಳಿ: "ಖಾಲಿ ಹೆಸರು ಬಂದರೆ ಬಿಟ್ಟು ಮುಂದೆ ಹೋಗೋಣ." ಕೈ ಓಡದಿದ್ದರೆ ಜಾಗ ಹೇಳಿ: "ಪಟ್ಟಿ ಓದೋ ಲೂಪ್ ಒಳಗೆ, ಮೊದಲನೇ ಸಾಲಲ್ಲೇ." ಆಗಲೂ ಗೊತ್ತಾಗದಿದ್ದರೆ ಮಾತ್ರ ಸಾಲು ಬಿಡಿಸಿ ಹೇಳಿ. ಶುರುವಿನಲ್ಲೇ "ಇಫ್, ಸ್ಪೇಸ್, ನಾಟ್, ಕೋಲನ್" ಅಂತ ಒಪ್ಪಿಸಿದರೆ ಎದುರಿಗಿರುವವರು ಡಿಕ್ಟೇಶನ್ ಬರೆದಂತಾಗುತ್ತದೆ. ಅಷ್ಟಕ್ಕೆ ಇಬ್ಬರು ಯಾಕೆ?

ಹಂತ 7: ಮಾತಿನ ರೀತಿ

ಪೇರಿಂಗ್ ಕೆಡುವುದು ಬಹುಪಾಲು ಕೋಡಿನಿಂದಲ್ಲ, ಬಾಯಿಂದ.

ಡ್ರೈವರ್ ಸ್ಪೆಲಿಂಗ್ ತಪ್ಪು ಮಾಡಿದ ಕೂಡಲೇ "ಅಲ್ಲಿ ಅಲ್ಲಿ, ಎಸ್ ಬಿಟ್ಟಿದೀಯ" ಅನ್ನಬೇಡಿ. ಐದು ಸೆಕೆಂಡ್ ಕಾಯಿರಿ. ಎಡಿಟರ್ ತಾನೇ ಕೆಂಪು ಗೆರೆ ಎಳೆಯುತ್ತದೆ, ಡ್ರೈವರ್ ತಾನೇ ನೋಡಿಕೊಳ್ಳುತ್ತಾರೆ. ದೊಡ್ಡ ಅನುಮಾನ ಬಂದರೂ ಮಾತಿನ ಮಧ್ಯೆ ತೂರಬೇಡಿ. ಹಾಳೆಯಲ್ಲಿ ಬರೆದಿಡಿ, ಅವರು ಉಸಿರು ಬಿಟ್ಟಾಗ ಕೇಳಿ. ಟೇಬಲ್ ಮೇಲೆ ಆ ಹಾಳೆ ಇರಲಿ ಅಂದಿದ್ದು ಇದಕ್ಕೇ.

ಜೊತೆಗಾರರ ಕೈಯಿಂದ ಮೌಸ್ ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. "ಕೊಡಿಲ್ಲಿ, ನಾನ್ ಮಾಡ್ತೀನಿ" ಅನ್ನುವ ಮಾತು ಬಂದ ಮೇಲೆ ಪಕ್ಕದವರು ಆ ದಿನಕ್ಕೆ ಬಾಯಿ ಮುಚ್ಚಿಕೊಂಡರು ಅಂತಲೇ ತಿಳಿಯಿರಿ. ಬೇಕೇ ಬೇಕಾದರೆ "ನಾನೊಂದು ಟ್ರೈ ಮಾಡ್ಲಾ?" ಅಂತ ಕೇಳಿ.

ಎರಡು ದಾರಿಗಳ ನಡುವೆ ವಾದ ಹತ್ತಿಕೊಂಡರೆ ಐದು ನಿಮಿಷದ ಮಿತಿ ಹಾಕಿಕೊಳ್ಳಿ. ಆಮೇಲೂ ಬಗೆಹರಿಯದಿದ್ದರೆ ಬೇಗ ಮಾಡಿ ನೋಡಬಹುದಾದ ದಾರಿಯನ್ನು ಮೊದಲು ಮಾಡಿ. ಕೋಡ್ ಓಡಿದ ಮೇಲೆ ವಾದಕ್ಕೆ ಹೆಚ್ಚು ಉಳಿಯುವುದಿಲ್ಲ. "ನೀನು ಹೇಳಿದ್ದು", "ನಾನು ಹೇಳಿದ್ದು" ಅನ್ನುವುದರ ಬದಲು "ಮೊದಲನೇ ದಾರಿ", "ಎರಡನೇ ದಾರಿ" ಅನ್ನಿ. ಸಣ್ಣ ವಿಷಯ ಅನಿಸಬಹುದು, ಆದರೆ ಸೋತವರು ಯಾರೂ ಇರುವುದಿಲ್ಲ.

ಸುಸ್ತಾದರೆ ಹೇಳಿಬಿಡಿ. ಒಬ್ಬರೇ ಕೂತಾಗ ಆಗಾಗ ಕಿಟಕಿ ಕಡೆ ನೋಡಬಹುದು, ಜೋಡಿಯಲ್ಲಿ ಅದಾಗುವುದಿಲ್ಲ. ಎರಡು ಗಂಟೆ ಪೇರಿಂಗ್ ಮಾಡಿದರೆ ಅರ್ಧ ದಿನ ದುಡಿದಷ್ಟು ದಣಿವಾಗುತ್ತದೆ. ಗಂಟೆಗೊಮ್ಮೆ ಎದ್ದು ಓಡಾಡಿ. ಆ ಹತ್ತು ನಿಮಿಷ ಬೇರೆ ಬೇರೆ ಕಡೆ ಹೋದರೂ ತಪ್ಪಿಲ್ಲ, ಜೊತೆಯಲ್ಲೇ ಚಹಾ ಕುಡಿಯಬೇಕೆಂಬ ಕಡ್ಡಾಯವೇನಿಲ್ಲ. ಮಾತು ಕಡಿಮೆ ಇರುವವರಿಗಂತೂ ಆ ಬಿಡುವು ಬೇಕೇ ಬೇಕು.

ಹಂತ 8: "ಹೂಂ ಸರ್, ಗೊತ್ತಾಯ್ತು ಸರ್"

ನಮ್ಮ ಆಫೀಸುಗಳಲ್ಲಿ ಸೀನಿಯರ್ ಪಕ್ಕ ಫ್ರೆಷರ್ ಕೂತಾಗ ನಡೆಯುವುದು ಹೀಗೆ. ಸೀನಿಯರ್ ಹತ್ತು ನಿಮಿಷ ಪಟಪಟ ಟೈಪ್ ಮಾಡಿ ತಿರುಗಿ, "ಅರ್ಥ ಆಯ್ತಾ?" ಅನ್ನುತ್ತಾರೆ. "ಹೂಂ ಸರ್" ಅನ್ನುವ ಉತ್ತರ ಬರುತ್ತದೆ. ಬೇರೆ ಉತ್ತರ ಬರುವ ಸಾಧ್ಯತೆಯೇ ಇಲ್ಲ. ಚಿಕ್ಕಂದಿನಿಂದ ಕ್ಲಾಸಿನಲ್ಲಿ ಈ ಪ್ರಶ್ನೆಗೆ ಇದೇ ಉತ್ತರ ಕೊಟ್ಟು ಬಂದಿದ್ದೇವೆ. ಸೀನಿಯರ್‌ಗೆ ಕಲಿಸಿದೆ ಅನ್ನುವ ಸಮಾಧಾನ, ಫ್ರೆಷರ್‌ಗೆ ತಪ್ಪಿಸಿಕೊಂಡೆ ಅನ್ನುವ ಸಮಾಧಾನ.

ಸೀನಿಯರ್ ಆದವರು "ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಬದಲಿಗೆ ಕೀಬೋರ್ಡ್ ಕೊಡಿ. ಅಥವಾ ಹೀಗೆ ಕೇಳಿ: "ಈ ಸಾಲು ತೆಗೆದರೆ ಏನಾಗುತ್ತೆ ಅನಿಸುತ್ತೆ?" ಇದಕ್ಕೆ ಹೂಂ ಅನ್ನಲಾಗುವುದಿಲ್ಲ. ನಿಮಗೆ ಗೊತ್ತಿಲ್ಲದ್ದು ಎದುರಾದಾಗ ಮುಚ್ಚಿಡಬೇಡಿ. "ಇದು ನನಗೂ ನೆನಪಿಲ್ಲ, ಡಾಕ್ಯುಮೆಂಟೇಶನ್ ನೋಡೋಣ" ಅಂತ ಹೇಳಿ, ಹುಡುಕುವುದನ್ನು ಅವರೆದುರೇ ಮಾಡಿ. ಯಾವ ಪದ ಹಾಕಿ ಹುಡುಕುತ್ತೀರಿ, ಹತ್ತು ಉತ್ತರಗಳಲ್ಲಿ ಯಾವುದನ್ನು ಬಿಡುತ್ತೀರಿ, ಎರರ್ ಮೆಸೇಜ್ ಎಲ್ಲಿಂದ ಓದುತ್ತೀರಿ ಅನ್ನುವುದನ್ನು ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಡುವುದಿಲ್ಲ. ಫ್ರೆಷರ್ ಇದನ್ನು ಕಲಿಯುವುದು ಪಕ್ಕದ ಕುರ್ಚಿಯಲ್ಲಿ ಕೂತೇ.

ಫ್ರೆಷರ್‌ಗಳಿಗೆ: "ಗೊತ್ತಾಗಲಿಲ್ಲ" ಅಂತ ನೇರವಾಗಿ ಹೇಳಲು ಬಾಯಿ ಬರದಿದ್ದರೆ ಬೇರೆ ದಾರಿ ಇದೆ. "ಸರ್, ನಾನು ಅರ್ಥ ಮಾಡ್ಕೊಂಡಿದ್ದು ಹೇಳ್ತೀನಿ, ತಪ್ಪಿದ್ರೆ ಹೇಳಿ" ಅಂತ ಶುರು ಮಾಡಿ. ಮರ್ಯಾದೆಗೂ ಕೊರತೆ ಇಲ್ಲ, ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. "ಮೇಡಂ, ಈ ಸಾಲು ಯಾಕೆ ಬೇಕು?" ಅನ್ನುವ ಪ್ರಶ್ನೆಗೆ ಎಷ್ಟೋ ಸಲ "ಅರೆ, ಬೇಡವೇ ಬೇಡ, ಹಳೇದು" ಅನ್ನುವ ಉತ್ತರ ಬರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಟೀಮ್‌ಗಳಲ್ಲಿ ನಾಲ್ಕೈದು ಭಾಷೆಯವರಿರುತ್ತಾರೆ, ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುವುದು ಸಹಜ. ಆದರೆ ಜೋಡಿಯ ಇಬ್ಬರಿಗೂ ಕನ್ನಡ ಬರುತ್ತದೆ ಅಂದರೆ ಕನ್ನಡದಲ್ಲೇ ಮಾತಾಡಿ. ಕೋಡ್ ಇಂಗ್ಲಿಷಿನಲ್ಲೇ ಇರಲಿ, ಲೂಪ್‌ಗೆ ಲೂಪ್ ಅಂತಲೇ ಅನ್ನಿ. ಯೋಚನೆ ಬಾಯಿಬಿಟ್ಟು ಹೇಳುವುದೇ ಇಲ್ಲಿನ ಕೆಲಸ. ಕನ್ನಡ ಮೀಡಿಯಂನಿಂದ ಬಂದ ಹುಡುಗಿಗೆ ಆ ಯೋಚನೆಯನ್ನು ಮೊದಲು ಇಂಗ್ಲಿಷಿಗೆ ತಿರುಗಿಸುವ ಕಷ್ಟವನ್ನೂ ಯಾಕೆ ಕೊಡಬೇಕು? ಮೀಟಿಂಗ್‌ಗಳಲ್ಲಿ ತುಟಿ ಬಿಚ್ಚದವರು ಪೇರಿಂಗ್‌ನಲ್ಲಿ ಕನ್ನಡ ಶುರುವಾದ ಕೂಡಲೇ ನಾಲ್ಕು ಬಗ್ ತೋರಿಸಿದ್ದನ್ನು ನೋಡಿದ್ದೇನೆ.

ಹಂತ 9: ಏಳುವ ಮುಂಚೆ, ಎದ್ದ ಮೇಲೆ

ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ. ಟೆಸ್ಟ್‌ಗಳನ್ನೆಲ್ಲ ಓಡಿಸಿ. ಹಾಳೆಯಲ್ಲಿ ಉಳಿದ ಅನುಮಾನಗಳನ್ನು ನೋಡಿ, ಈವತ್ತಿನದಲ್ಲದ್ದನ್ನು ಟಿಕೆಟ್ ಮಾಡಿ, ಅಂದರೆ ಬಾಕಿ ಕೆಲಸದ ಪಟ್ಟಿಗೆ ಸೇರಿಸಿ. ಕಮಿಟ್ ಮಾಡುವಾಗ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ, ಮೆಸೇಜ್‌ನ ಕೊನೆಗೆ ಸಹ-ಲೇಖಕರ (Co-authored-by) ಸಾಲು ಸೇರಿಸಿ. ಕೋಡ್ ಇಡುವ ಜಾಲತಾಣ ಗಿಟ್‌ಹಬ್ 2018ರಿಂದ ಅದನ್ನು ಓದಿ ಇಬ್ಬರ ಹೆಸರನ್ನೂ ತೋರಿಸುತ್ತದೆ. ಇದು ಬರೀ ಹೆಸರಿನ ಆಸೆ ಅಲ್ಲ. ಆರು ತಿಂಗಳ ನಂತರ ಆ ಸಾಲಿನ ಬಗ್ಗೆ ಕೇಳಬೇಕಾದಾಗ ಇಬ್ಬರಲ್ಲಿ ಒಬ್ಬರಾದರೂ ಸಿಗುತ್ತಾರೆ. ಅಪ್ರೈಸಲ್ ಹೊತ್ತಿಗೆ ಪಕ್ಕದ ಕುರ್ಚಿಯವರ ಕೆಲಸಕ್ಕೆ ಗುರುತೂ ಇರುತ್ತದೆ.

ಇಬ್ಬರೂ ಕೂತು ಬರೆದಿದ್ದೇವೆ, ಇನ್ನು ಕೋಡ್ ರಿವ್ಯೂ (ಬೇರೆಯವರು ಕೋಡ್ ಓದಿ ಪರಿಶೀಲಿಸುವುದು) ಬೇಕಾ ಅಂತ ಕೇಳುತ್ತಾರೆ. ಸಾಮಾನ್ಯ ಬದಲಾವಣೆಗೆ ಬೇಡ. ಹಣ, ಪಾಸ್‌ವರ್ಡ್, ಬಳಕೆದಾರರ ಮಾಹಿತಿ ಇರುವ ಕಡೆ ಮೂರನೆಯವರು ನೋಡಲೇಬೇಕು. ಮೂರು ಗಂಟೆ ಜೊತೆಗೆ ಕೂತವರು ಒಂದೇ ಥರ ಯೋಚಿಸಲು ಶುರು ಮಾಡಿರುತ್ತಾರೆ.

ಓದುವವರಿಗೆ ಇನ್ನೊಂದು ಕೆಲಸ ಬಾಕಿ ಇದೆ, ಇದನ್ನು ಮಾತ್ರ ಬಿಡಬೇಡಿ. ಸಾಯಂಕಾಲ ರೂಮಿಗೆ ಹೋಗಿ ಅದೇ ಪ್ರೋಗ್ರಾಮನ್ನು ಖಾಲಿ ಫೈಲ್‌ನಲ್ಲಿ ಒಬ್ಬರೇ ಬರೆಯಿರಿ. ಬೆಳಿಗ್ಗೆಯ ಕೋಡ್ ನೋಡಬಾರದು. ಜೋಡಿಯಲ್ಲಿ ಎಲ್ಲವೂ ಅರ್ಥವಾದಂತೆ ಅನಿಸುವುದು ಸಹಜ. ನಾವು ತಡವರಿಸಿದ ಕಡೆ ಇನ್ನೊಬ್ಬರು ಎತ್ತಿಕೊಂಡಿರುತ್ತಾರಲ್ಲ, ಅದು ನಮಗೆ ಗೊತ್ತೇ ಆಗಿರುವುದಿಲ್ಲ. ಒಬ್ಬರೇ ಬರೆಯುವಾಗ ಎಲ್ಲಿ ಕೈ ನಿಂತಿತೋ ಅದನ್ನು ಗುರುತು ಮಾಡಿ, ಮರುದಿನ ಜೊತೆಗಾರರನ್ನು ಕೇಳಿ. ವೈವಾದಲ್ಲಿ ಪ್ರಶ್ನೆ ಬರುವುದು ಬಹುಪಾಲು ಅಲ್ಲಿಂದಲೇ.

ಎಐ ಜೊತೆ ಕೂತರೆ ಸಾಕಲ್ವಾ?

2021ರಲ್ಲಿ ಕೋಡ್ ಬರೆದುಕೊಡುವ ಎಐ ಸಾಧನ ಕೋಪೈಲಟ್ ತಂದಾಗ ಗಿಟ್‌ಹಬ್ ಅದನ್ನು ಪೇರ್ ಪ್ರೋಗ್ರಾಮರ್ ಅಂತಲೇ ಕರೆಯಿತು. ಟೈಪಿಂಗ್ ಕೆಲಸಕ್ಕೆ, ಮರೆತ ಸಿಂಟ್ಯಾಕ್ಸ್‌ಗೆ, ಟೆಸ್ಟ್ ಡೇಟಾ ಮಾಡಿಸಲು ಇಂಥ ಸಾಧನಗಳು ತುಂಬಾ ಅನುಕೂಲ. ಆದರೆ ಮೇಲಿನ ಉದಾಹರಣೆಗೆ ವಾಪಸ್ ಹೋಗಿ. "ಮಿತಿಯನ್ನು 25 ಮಾಡು" ಅಂದರೆ ಸಾಮಾನ್ಯವಾಗಿ ಅದು ಮಾಡಿಕೊಡುತ್ತದೆ. "ಮಿತಿ ಯಾಕೆ ಬೇಕಿತ್ತು?" ಅಂತ ತಾನಾಗಿ ತಡೆದು ಕೇಳುತ್ತದೆ ಅಂತ ನಂಬಿ ಕೂರಲಾಗುವುದಿಲ್ಲ. ಆಫೀಸಿನ ಸಂಬಳದ ಲೆಕ್ಕ ಯಾಕೆ ಹೀಗಿದೆ, ಆ ಗ್ರಾಹಕರು ಹೋದ ವರ್ಷ ಯಾಕೆ ಸಿಟ್ಟಾಗಿದ್ದರು ಅನ್ನುವುದೂ ಅದಕ್ಕೆ ಗೊತ್ತಿರುವುದಿಲ್ಲ. ನನಗೆ ಚೆನ್ನಾಗಿ ಕಂಡಿರುವುದು ಇಬ್ಬರ ಜೊತೆ ಅದನ್ನು ಮೂರನೆಯದಾಗಿ ಇಟ್ಟುಕೊಳ್ಳುವ ಕ್ರಮ: ಡ್ರೈವರ್ ಅದರಿಂದ ಬರೆಸುತ್ತಾರೆ, ನ್ಯಾವಿಗೇಟರ್ ಒಂದೊಂದು ಸಾಲನ್ನೂ ಅನುಮಾನದಿಂದ ಓದುತ್ತಾರೆ. ಯಾರಿಗೂ ವಿವರಿಸಲಾಗದ ಸಾಲು ಒಳಗೆ ಹೋಗುವಂತಿಲ್ಲ.

ಮ್ಯಾನೇಜರ್‌ನ ಒಪ್ಪಿಸುವುದು

"ನಾಳೆಯಿಂದ ಎಲ್ಲ ಪೇರಿಂಗ್" ಅಂತ ಹೋದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಪದೇ ಪದೇ ತಲೆನೋವು ಕೊಡುವ ಒಂದು ಮಾಡ್ಯೂಲ್ (ಪ್ರೋಗ್ರಾಂನ ಒಂದು ಭಾಗ) ಆರಿಸಿ. ಅದರ ಕೆಲಸ ಬಂದಾಗಲೆಲ್ಲ ಇಬ್ಬರು ಕೂರುತ್ತೇವೆ, ಉಳಿದದ್ದು ಎಂದಿನಂತೆ ಅಂತ ಕೇಳಿ. ಎರಡು ಲೆಕ್ಕ ಇಡಿ: ಆ ಮಾಡ್ಯೂಲ್‌ನಲ್ಲಿ ಸರಿಪಡಿಸಿದ ಬಗ್‌ಗಳಲ್ಲಿ ಎಷ್ಟು ವಾಪಸ್ ಬಂದವು, ಅದನ್ನು ಮುಟ್ಟುವ ಧೈರ್ಯ ಇರುವವರು ಮುಂಚೆ ಎಷ್ಟು ಜನ, ಈಗ ಎಷ್ಟು ಜನ. ಎರಡನೇ ಲೆಕ್ಕ ಮ್ಯಾನೇಜರ್‌ಗೆ ಬೇಗ ಹಿಡಿಸುತ್ತದೆ, ಯಾಕೆಂದರೆ ಒಬ್ಬರೇ ಬಲ್ಲ ಮಾಡ್ಯೂಲ್ ಇದ್ದರೆ ಆ ಒಬ್ಬರು ನೋಟಿಸ್ ಪೀರಿಯಡ್ ಹಾಕಿದ ದಿನ ನಿದ್ದೆಗೆಡುವುದು ಮ್ಯಾನೇಜರೇ.

ಟೈಮ್‌ಶೀಟ್ ತುಂಬುವಾಗ ಇಬ್ಬರೂ ಅದೇ ಟಾಸ್ಕ್ ಮೇಲೆ ತಮ್ಮ ತಮ್ಮ ಗಂಟೆ ಹಾಕಿ. ಒಬ್ಬರು ಟಾಸ್ಕ್ ಮೇಲೆ, ಇನ್ನೊಬ್ಬರು "ಇತರೆ" ಅಂತ ಹಾಕಿದರೆ ತಿಂಗಳ ಕೊನೆಗೆ ಆ "ಇತರೆ" ಏನು ಅಂತ ಕೇಳುವವರು ಬಂದೇ ಬರುತ್ತಾರೆ. ಸ್ಟ್ಯಾಂಡಪ್‌ನಲ್ಲಿ (ಟೀಮ್‌ನ ದಿನದ ಚಿಕ್ಕ ಮೀಟಿಂಗ್) ನಿನ್ನೆ ಏನಾಯಿತು ಅಂತ ಹೇಳುವ ಸರದಿ ಬಂದಾಗ ನ್ಯಾವಿಗೇಟರ್ ಆಗಿದ್ದವರೇ ಹೇಳಲಿ.